ಚೀಟಿ ಬರೆದಿಟ್ಟು ವಿಡಿಯೋ ನೋಡಿ

ಮಂಡ್ಯದ ಗುತ್ತಲು ಕಡೆ ನಮ್ಮ ಮನೆ. ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಹದಿನಾಲ್ಕು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಸಾದಾ ಬ್ಲೌಸ್ ಕಲಿಸಿಕೊಟ್ಟಿದ್ದು ನಮ್ಮ ಚಿಕ್ಕಮ್ಮ. ಪ್ರಿನ್ಸೆಸ್ ಕಟ್, ಕಟೋರಿ, ಬೋಟ್ ನೆಕ್ ಎಲ್ಲಾ ಕಲಿತದ್ದು ಯೂಟ್ಯೂಬ್ ನೋಡಿಕೊಂಡು. ವಿಡಿಯೋ ನೋಡೋದೇ ಕೆಟ್ಟದ್ದು ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ನನ್ನ ಮನೆಯ ಅನ್ನದಲ್ಲಿ ಅದರ ಪಾಲೂ ಇದೆ. ಆದರೆ ಅದೇ ಫೋನ್‌ನಿಂದ ನನ್ನ ಕೈಯಲ್ಲಿ ಒಂದು ರೇಷ್ಮೆ ಬ್ಲೌಸ್ ಹಾಳಾಯಿತು. ಆಮೇಲೆ ನೋಡುವ ರೀತಿಯನ್ನೇ ಬದಲಾಯಿಸಿಕೊಂಡೆ.

ಮದುವೆ ಸೀಸನ್. ರಾತ್ರಿ ಹತ್ತೂವರೆಗೆ ಕೆಲಸ ಮುಗಿಸಿ, ಬೆನ್ನಿಗೊಂದು ಹೊಸ ಡಿಸೈನ್ ನೋಡೋಣ ಅಂತ ಫೋನ್ ತೆಗೆದೆ. ಡಿಸೈನ್ ಐದು ನಿಮಿಷದಲ್ಲಿ ಸಿಕ್ಕಿತು. ಕೆಳಗೆ ಶಾರ್ಟ್ಸ್ ಅನ್ನೋ ಚಿಕ್ಕ ವಿಡಿಯೋಗಳು ಕಾಣಿಸಿದವು, ಒಂದು ಒತ್ತಿದೆ. ತಲೆ ಎತ್ತಿದಾಗ ಒಂದೂವರೆ ಗಂಟೆ ರಾತ್ರಿ. ಬೆಳಿಗ್ಗೆ ಉರಿಯುವ ಕಣ್ಣಲ್ಲೇ ಕತ್ತರಿ ಹಿಡಿದೆ. ತೋಳಿಗೆ ಮುಂದೆ ಹಿಂದೆ ಅಂತ ಇರುತ್ತದೆ ಅಲ್ವಾ, ಮುಂಭಾಗದ ಬಾಗು ಹಿಂಭಾಗಕ್ಕಿಂತ ಸುಮಾರು ಅರ್ಧ ಇಂಚು ಒಳಗೆ ಹೋಗಬೇಕು. ಅದಕ್ಕೇ ಬಟ್ಟೆ ಮಡಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸುತ್ತೇವೆ. ಆ ದಿನ ಒಂದೊಂದಾಗಿ ಕತ್ತರಿಸಿದೆ. ಎರಡೂ ಬಲಗೈ ತೋಳೇ ಆದವು. ಸೀರೆಯ ಜೊತೆಗೇ ಬಂದ ಪೀಸ್ ಅದು, ಅಂಗಡಿಯಲ್ಲಿ ಮತ್ತೆ ಸಿಗುವಂಥದ್ದಲ್ಲ. ಹೊಲಿಯೋಕೆ ಕೊಟ್ಟವರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಒಪ್ಪಿದ ಮೇಲೆ, ಸೊಂಟಕ್ಕೆ ಸಿಕ್ಕಿಸುವ ಸೀರೆಯ ಒಳತುದಿಯಿಂದ ಬಟ್ಟೆ ತೆಗೆದು ಎಡತೋಳು ಮಾಡಿಕೊಟ್ಟೆ. ಕೂಲಿ ತೆಗೆದುಕೊಳ್ಳಲಿಲ್ಲ.

ಈಗ ನಾನು ಮಾಡುವುದನ್ನು ಹೇಳುತ್ತೇನೆ.

ಫೋನ್ ಮುಟ್ಟುವ ಮೊದಲು ಒಂದು ಚೀಟಿಯಲ್ಲಿ ಪ್ರಶ್ನೆ ಬರೆಯುತ್ತೇನೆ. ‘ಬ್ಲೌಸ್ ಕಟಿಂಗ್’ ಅಂತ ಹುಡುಕಿದರೆ ಸಮುದ್ರಕ್ಕೆ ಬಿದ್ದ ಹಾಗೆ. ‘ಪ್ರಿನ್ಸೆಸ್ ಕಟ್‌ನಲ್ಲಿ ಆರ್ಮ್‌ಹೋಲ್ ಹತ್ತಿರ ಸುಕ್ಕು ಯಾಕೆ ಬರುತ್ತೆ’ ಅಂತ, ಅಂದರೆ ತೋಳು ಕೂಡಿಸುವ ಜಾಗದ ಸುಕ್ಕಿನ ಬಗ್ಗೆ, ಹುಡುಕಿದರೆ ಉತ್ತರ ಸಿಗುತ್ತದೆ. ಒಂದು ಚೀಟಿಗೆ ಒಂದೇ ಪ್ರಶ್ನೆ. ಮೆಷಿನ್ ಮೇಲೆ ಕಣ್ಣಿಗೆ ಕಾಣುವ ಹಾಗೆ ಅಂಟಿಸಿರುತ್ತೇನೆ. ನೋಡುವಾಗ ಬೇರೇನೋ ಚೆನ್ನಾಗಿರೋದು ಕಂಡರೆ ‘ವಾಚ್ ಲೇಟರ್’ಗೆ ಹಾಕಿ ಮುಂದೆ ಹೋಗುತ್ತೇನೆ. ಹಾಗೆ ಹಾಕಿಟ್ಟದ್ದರಲ್ಲಿ ಅರ್ಧಕ್ಕರ್ಧ ಆಮೇಲೆ ಬೇಕೇ ಆಗುವುದಿಲ್ಲ.

ಯಾವ ವಿಡಿಯೋ ನಂಬಬೇಕು? ನಾನು ಕೊನೆಯ ಒಂದು ನಿಮಿಷವನ್ನು ಮೊದಲು ನೋಡುತ್ತೇನೆ. ಹೊಲಿದ ಬ್ಲೌಸನ್ನು ಯಾರಾದರೂ ತೊಟ್ಟು ತೋರಿಸಿದ್ದಾರಾ, ಇಲ್ಲಾ ಸುಮ್ನೆ ಹ್ಯಾಂಗರ್‌ಗೆ ಹಾಕಿದ್ದಾರಾ? ಹ್ಯಾಂಗರ್ ಮೇಲೆ ಯಾವ ಬ್ಲೌಸಾದರೂ ಚಂದವೇ. ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯುತ್ತಾ ಅನ್ನೋದು ಮೈಮೇಲೆ ಬಂದಾಗಲೇ ಗೊತ್ತಾಗುವುದು. ಟೇಪಿನ ಅಂಕಿ ಕಾಣಬೇಕು, ಹೊಲಿಗೆಗೆ ಎಷ್ಟು ಮಾರ್ಜಿನ್ ಬಿಟ್ಟರು ಅಂತ ಬಾಯಿಬಿಟ್ಟು ಹೇಳಬೇಕು. ಕಾಮೆಂಟ್‌ನಲ್ಲಿ ‘ನಾನು ಹೊಲಿದೆ, ಭುಜ ಜಾರಿತು’ ಅಂತ ಯಾರಾದರೂ ಬರೆದಿದ್ದರೆ ಅದನ್ನು ಬಿಡದೆ ಓದಿ. ಭಾಷೆಯ ಬಗ್ಗೆ ಜಾಸ್ತಿ ಯೋಚಿಸಬೇಡಿ. ನನಗೆ ಕಟೋರಿ ಬಂದದ್ದು ಒಂದು ತಮಿಳು ವಿಡಿಯೋದಿಂದ. ಇಂಚು ಎಲ್ಲಾ ಭಾಷೆಗೂ ಒಂದೇ.

ಮೊದಲ ಸಲ ಬಟ್ಟೆ, ಕತ್ತರಿ ಏನೂ ಇಟ್ಟುಕೊಳ್ಳದೆ ಪೂರ್ತಿ ನೋಡಿ. ಎರಡನೇ ಸಲ ಹಳೆಯ ಪೇಪರ್ ಹಾಸಿಕೊಂಡು, ನಿಲ್ಲಿಸಿ ನಿಲ್ಲಿಸಿ, ಜೊತೆಗೇ ಗೀಟು ಹಾಕಿ. ಗಿಯರ್ ಗುರುತು ಒತ್ತಿದರೆ ಪ್ಲೇಬ್ಯಾಕ್ ಸ್ಪೀಡ್ ಅಂತ ಬರುತ್ತದೆ. ಬಾಗು ಎಳೆಯುವ ಜಾಗದಲ್ಲಿ ಅದನ್ನು 0.5ಕ್ಕೆ ಇಳಿಸಿಕೊಳ್ಳಿ, ಕೈ ಎಲ್ಲಿ ತಿರುಗುತ್ತದೆ ಅಂತ ಕಾಣುತ್ತದೆ. ಅಳತೆಯನ್ನು ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ವಿಡಿಯೋದ ಸಮಯವನ್ನೂ ಗುರುತು ಹಾಕಿ. ಮತ್ತೆ ಬೇಕಾದಾಗ ಮೊದಲಿಂದ ಹುಡುಕಬೇಕಾಗಿಲ್ಲ.

ಇದಾದ ಮೇಲಿನದೇ ಮುಖ್ಯ. ಫೋನನ್ನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟು ಬಂದು, ಇನ್ನೊಂದು ಪೇಪರ್‌ನಲ್ಲಿ ನೆನಪಿನಿಂದ ಕತ್ತರಿಸಿ. ನೋಡುತ್ತಾ ಇದ್ದಾಗ ಎಲ್ಲಾ ಗೊತ್ತಾದ ಹಾಗೇ ಇರುತ್ತದೆ. ಕತ್ತರಿ ಹಿಡಿದಾಗ ಕೈ ಒಂದು ಕಡೆ ನಿಂತುಬಿಡುತ್ತದೆ. ನನಗೆ ಪ್ರಿನ್ಸೆಸ್ ಕಟ್‌ನಲ್ಲಿ ಆರ್ಮ್‌ಹೋಲಿನಿಂದ ಎದೆಯ ತುದಿಗೆ ಗೀಟು ಇಳಿಯುವ ಜಾಗದಲ್ಲಿ ನಿಂತಿತ್ತು. ಎಲ್ಲಿ ನಿಂತಿತೋ ಅದೇ ಮುಂದಿನ ಚೀಟಿ. ಇಷ್ಟು ಮಾಡದೆ ಅದೇ ಪಾಠದ ಇನ್ನೊಂದು ವಿಡಿಯೋ ನೋಡಬೇಡಿ. ಹತ್ತು ಜನರ ಕಟಿಂಗ್ ನೋಡಿ ಒಂದೂ ಕತ್ತರಿಸದವರು ನನ್ನ ಹತ್ತಿರ ಕಲಿಯೋಕೆ ಬಂದಿದ್ದಾರೆ. ಪಾಪ, ಅವರಿಗೆ ಮಾತೆಲ್ಲಾ ಬರುತ್ತೆ, ಸೀಮೆಸುಣ್ಣ ಹಿಡಿದರೆ ಕೈ ನಡುಗುತ್ತೆ.

ಮಗಳು ಎಸ್ಎಸ್ಎಲ್‌ಸಿ. ಅವಳಿಗೂ ಇದೇ ಕ್ರಮ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನೋ ಕಲಿಕೆಯ ಆ್ಯಪ್‌ನಲ್ಲಿ ಆ ಪಾಠದ ವಿಡಿಯೋನೇ ತೆರೆಯುತ್ತದೆ, ಹುಡುಕಾಟವೇ ಬೇಡ. ಲೆಕ್ಕ ಬೋರ್ಡ್ ಮೇಲೆ ಬಂದ ತಕ್ಷಣ ನಿಲ್ಲಿಸಿ, ತಾನು ಮಾಡಿ, ಆಮೇಲೆ ಮುಂದಕ್ಕೆ ಬಿಡುತ್ತಾಳೆ.

ಇನ್ನು ಶಾರ್ಟ್ಸ್ ವಿಷಯ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತಿತಲ್ಲ, ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸನ್ನು ನಮ್ಮ ದೇಶದಲ್ಲೇ ಮೊದಲು ಬಿಟ್ಟರು. ಆಗ 15 ಸೆಕೆಂಡಿನದು, ಈಗ 3 ನಿಮಿಷದವರೆಗೂ ಇರುತ್ತದೆ. ಸಿನಿಮಾಕ್ಕೆ ಕೊನೆ ಇದೆ, ಧಾರಾವಾಹಿಗೂ ಆ ದಿನದ ಮಟ್ಟಿಗೆ ಕೊನೆ ಇದೆ. ಇದಕ್ಕೆ ಇಲ್ಲ. ಮುಂದಿನದು ಏನಿರಬಹುದು ಅನ್ನೋ ಆಸೆಗೇ ಬೆರಳು ಮೇಲಕ್ಕೆ ಹೋಗುತ್ತದೆ. ‘ಇನ್ನು ಒಂದೇ ಒಂದು’ ಅಂದುಕೊಂಡು, ಮನಸ್ಸಿನ ಗಟ್ಟಿತನವನ್ನು ನಂಬಿ ನಾನು ತುಂಬಾ ಸಲ ಸೋತಿದ್ದೇನೆ. ಅದಕ್ಕೇ ಫೋನಿನಲ್ಲೇ ಬೇಲಿ ಹಾಕಿದೆ.

ವಿಡಿಯೋದ ಮೇಲೆ ಆಟೋಪ್ಲೇ ಅನ್ನೋ ಚಿಕ್ಕ ಸ್ವಿಚ್ ಇದೆ, ಅದನ್ನು ಆಫ್ ಮಾಡಿ. ಆಮೇಲೆ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಹಿಸ್ಟರಿಗೆ ಹೋಗಿ, ಹಳೆಯದನ್ನು ಅಳಿಸಿ, ವಾಚ್ ಹಿಸ್ಟರಿ ಸೇವ್ ಆಗುವುದನ್ನು ನಿಲ್ಲಿಸಿ. ಆಗ ಮೊದಲ ಪುಟ ಹೆಚ್ಚುಕಡಿಮೆ ಖಾಲಿಯಾಗುತ್ತದೆ, ಹುಡುಕುವ ಜಾಗ ಮಾತ್ರ ಇರುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಇದೇ. ಆಂಡ್ರಾಯ್ಡ್ ಫೋನ್ ಆದರೆ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಯೂಟ್ಯೂಬ್‌ಗೆ ಟೈಮರ್ ಇಡಬಹುದು. ನಾನು ಒಂದು ಗಂಟೆ ಇಟ್ಟಿದ್ದೇನೆ. ಸಮಯ ಮುಗಿದರೆ ಅವತ್ತಿಗೆ ಆ್ಯಪ್ ತೆರೆಯೋದಿಲ್ಲ. ಬೇಕೆಂದರೆ ಟೈಮರ್ ಬದಲಾಯಿಸಬಹುದು, ಆದರೆ ಸೆಟ್ಟಿಂಗ್ಸ್ ಒಳಗೆ ಹೋಗುವಷ್ಟರಲ್ಲಿ ಬುದ್ಧಿ ವಾಪಸ್ ಬಂದಿರುತ್ತದೆ. ರಾತ್ರಿ ಫೋನ್ ಚಾರ್ಜ್ ಆಗುವುದು ಹೊಲಿಗೆ ಕೋಣೆಯಲ್ಲಿ, ಮಲಗುವ ಕೋಣೆಯಲ್ಲಿ ಅಲ್ಲ.

ಮನರಂಜನೆ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಮಾವ ಒಂದು ಕಾಲದಲ್ಲಿ ಊರಿನ ಪೌರಾಣಿಕ ನಾಟಕದಲ್ಲಿ ಶಕುನಿ ಪಾತ್ರ ಕಟ್ಟಿದವರು. ರಾತ್ರಿಯಿಡೀ ನಡೆಯುವ ಆ ನಾಟಕಗಳು ಈಗ ಗಂಟೆಗಟ್ಟಲೆ ಯೂಟ್ಯೂಬ್‌ನಲ್ಲಿವೆ. ಎಂಟೂವರೆಗೆ ಟಿವಿಗೆ ಹಾಕಿಕೊಂಡು ಎಲ್ಲರೂ ಕೂತು ನೋಡುತ್ತೇವೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದ ಕೂಡಲೇ ಮಾವನ ತುಟಿ ಅಲ್ಲಾಡುತ್ತದೆ. ದೃಶ್ಯ ಮುಗಿದರೆ ಆಫ್. ಒಬ್ಬರೇ ಮೂಲೆಯಲ್ಲಿ ಫೋನ್ ಹಿಡಿದು ನೋಡಿದ್ದರಲ್ಲಿ ಮರುದಿನ ನನಗೆ ಒಂದೂ ನೆನಪಿರೋದಿಲ್ಲ. ಹೀಗೆ ನೋಡಿದ್ದನ್ನು ಮಾವ ಬೆಳಿಗ್ಗೆ ಕಾಫಿ ಜೊತೆಗೂ ಹಾಡುತ್ತಿರುತ್ತಾರೆ.

ಹೊಸದು ಕಲಿಯೋಕೆ ನಾನು ಆಷಾಢಕ್ಕೆ ಕಾಯುತ್ತೇನೆ. ಮದುವೆ ಇಲ್ಲ, ಆರ್ಡರ್ ಕಡಿಮೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹತ್ತಿರವಾದರೆ ಉಸಿರಾಡೋಕೂ ಪುರುಸೊತ್ತಿರೋಲ್ಲ. ಈ ಸಲದ ಚೀಟಿ ಆರಿ ಕಸೂತಿಯದು, ತುದಿಯಲ್ಲಿ ಕೊಕ್ಕೆ ಇರುವ ಸೂಜಿಯಿಂದ ಮಾಡುವುದು: ‘ಆರಿ ಸೂಜಿ ಮೇಲೆ ಎಳೆಯುವಾಗ ಬಟ್ಟೆಗೆ ಯಾಕೆ ಸಿಕ್ಕಿಕೊಳ್ಳುತ್ತೆ?’ ಉತ್ತರ ಮೊದಲ ಸಂಜೆಯೇ ಸಿಕ್ಕಿತು. ಕೆಳಗೆ ದಾರ ಹಿಡಿದ ಮೇಲೆ ಸೂಜಿಯನ್ನು ಅರ್ಧ ಸುತ್ತು ತಿರುಗಿಸಿ ಎಳೆಯಬೇಕು. ಫೋನ್ ಅಟ್ಟದ ಮೇಲಿದೆ. ಆ ಅರ್ಧ ಸುತ್ತು ಇನ್ನೂ ನನ್ನ ಬೆರಳಿಗೆ ಬಂದಿಲ್ಲ, ಅದಕ್ಕೇ ಚೀಟಿ ತೆಗೆದಿಲ್ಲ.