ಅರ್ಹರಿದ್ದೂ ಪಡೆಯದವರ ಲೆಕ್ಕ: ಪೆನ್ಷನ್ ಕ್ರೆಡಿಟ್ ಅಂದಾಜನ್ನು ನಾನು ಕಟ್ಟುವ ಬಗೆ

ಬ್ರಿಟನ್ನಿನಲ್ಲಿ ಪಿಂಚಣಿ ವಯಸ್ಸು ದಾಟಿದ, ಆದಾಯ ಸಾಲದ ಜನರಿಗೆ 2003ರ ಅಕ್ಟೋಬರ್‌ನಿಂದ ಪೆನ್ಷನ್ ಕ್ರೆಡಿಟ್ ಎಂಬ ನೆರವು ಇದೆ. ಅರ್ಜಿ ಹಾಕಿದವರಿಗೆ ಮಾತ್ರ ಸಿಗುತ್ತದೆ, ತಾನಾಗಿ ಬರುವುದಿಲ್ಲ. ಅರ್ಹರಲ್ಲಿ ಎಷ್ಟು ಪಾಲು ಜನ ಪಡೆಯುತ್ತಿದ್ದಾರೆ ಎಂಬುದನ್ನು ಅಲ್ಲಿನ ಕೆಲಸ ಮತ್ತು ಪಿಂಚಣಿ ಇಲಾಖೆ ಅಂದಾಜು ಮಾಡಿ ಪ್ರಕಟಿಸುತ್ತದೆ. 2022-23ಕ್ಕೆ ಅದು ಸುಮಾರು 65%. ಅರ್ಹತೆ ಇದ್ದೂ ಪಡೆಯದ ಕುಟುಂಬಗಳು ಹೆಚ್ಚೆಂದರೆ 7.6 ಲಕ್ಷ. ಇಲಾಖೆಯ ಹೊರಗಿದ್ದುಕೊಂಡೇ ಈ ಲೆಕ್ಕವನ್ನು ಮತ್ತೆ ಕಟ್ಟಬಹುದು. ನಾನು ಕಟ್ಟುವ ಕ್ರಮ ಇಲ್ಲಿದೆ.

ಬೇಕಾದ ಸಾಮಗ್ರಿ ಮೂರು. ಫಲಾನುಭವಿಗಳ ಸಂಖ್ಯೆಗೆ ಇಲಾಖೆಯ ಸ್ಟ್ಯಾಟ್-ಎಕ್ಸ್‌ಪ್ಲೋರ್ ಕೋಷ್ಟಕಗಳು. ಜನರ ಆದಾಯ, ಉಳಿತಾಯ, ಮನೆಯ ವಿವರಕ್ಕೆ ಫ್ಯಾಮಿಲಿ ರಿಸೋರ್ಸಸ್ ಸರ್ವೆ ಎಂಬ ಸಮೀಕ್ಷೆಯ ಕಡತಗಳು. ಯುಕೆ ಡೇಟಾ ಸರ್ವಿಸ್‌ನಲ್ಲಿ ನೋಂದಾಯಿಸಿ ಇಳಿಸಿಕೊಳ್ಳಬಹುದು. ಮೂರನೆಯದು, ಸಮೀಕ್ಷೆಯ ಪ್ರತಿ ಕುಟುಂಬಕ್ಕೂ ನಿಯಮ ಅನ್ವಯಿಸಿ ಅರ್ಹತೆಯ ಮೊತ್ತ ಹೇಳುವ ಪ್ರೋಗ್ರಾಂ. ಇದನ್ನು ನಾನೇ ಬರೆದುಕೊಳ್ಳುತ್ತೇನೆ, ಆಮೇಲೆ ಇದೇ ಬಗೆಯ ಲೆಕ್ಕ ಮಾಡುವ, ಎಸೆಕ್ಸ್ ವಿಶ್ವವಿದ್ಯಾಲಯದ ಯುಕೆಮಾಡ್ ಎಂಬ ಸಿದ್ಧ ಮಾದರಿಯ ಜೊತೆ ತಾಳೆ ನೋಡುತ್ತೇನೆ. ಸಿದ್ಧ ಮಾದರಿಯನ್ನೇ ನೇರ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕಲು ಕೈಗೆ ಏನೂ ಸಿಗುವುದಿಲ್ಲ.

ಸೂತ್ರ ಸರಳ: ಪಡೆಯುತ್ತಿರುವವರನ್ನು, ಪಡೆಯುತ್ತಿರುವವರು ಮತ್ತು ಅರ್ಹರಿದ್ದೂ ಪಡೆಯದವರು ಇಬ್ಬರ ಮೊತ್ತದಿಂದ ಭಾಗಿಸಬೇಕು. ಪಡೆಯುತ್ತಿರುವವರ ಲೆಕ್ಕ ಸರ್ಕಾರಿ ದಾಖಲೆಯಲ್ಲೇ ಇದೆ. ಪಡೆಯದವರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ. ಹಾಗಾಗಿ ಶ್ರಮದ ಬಹುಪಾಲು ಆ ಎರಡನೇ ಗುಂಪಿಗೇ ಹೋಗುತ್ತದೆ, ಹೋಗಲೂಬೇಕು.

ಮೊದಲು ಎರಡೂ ಕಡೆಯ ಜನಸಂಖ್ಯೆ ಒಂದೇ ಆಗಿರುವಂತೆ ಹೊಂದಿಸಿಕೊಳ್ಳಿ. ಸಮೀಕ್ಷೆ ಉತ್ತರ ಐರ್ಲೆಂಡನ್ನೂ ಒಳಗೊಳ್ಳುತ್ತದೆ, ಇಲಾಖೆಯ ಅಂಕಿ ಗ್ರೇಟ್ ಬ್ರಿಟನ್ನಿನದು. ಆ ಭಾಗದ ಮನೆಗಳನ್ನು ತೆಗೆಯಬೇಕು. ಸಮೀಕ್ಷೆ ಖಾಸಗಿ ಮನೆಗಳಿಗೆ ಮಾತ್ರ ಹೋಗುತ್ತದೆ, ಫಲಾನುಭವಿಗಳಲ್ಲಿ ಆರೈಕೆ ಕೇಂದ್ರಗಳಲ್ಲಿ ಇರುವವರೂ ಸೇರಿರುತ್ತಾರೆ, ಅವರನ್ನು ಕಳೆಯಬೇಕು. ಸಮೀಕ್ಷೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ, ಫಲಾನುಭವಿಗಳ ಅಂಕಿ ಮೇ, ಆಗಸ್ಟ್, ನವೆಂಬರ್, ಫೆಬ್ರವರಿಯದು. ನಾಲ್ಕರ ಸರಾಸರಿ ತೆಗೆದುಕೊಳ್ಳುತ್ತೇನೆ. ಎಣಿಸುವ ಘಟಕ ವ್ಯಕ್ತಿಯೂ ಅಲ್ಲ, ಮನೆಯೂ ಅಲ್ಲ. ಒಬ್ಬಂಟಿ ಅಥವಾ ದಂಪತಿ, ಅವರನ್ನೇ ನೆಚ್ಚಿದ ಮಕ್ಕಳಿದ್ದರೆ ಅವರೂ ಸೇರಿ ಒಂದು ಘಟಕ. ಅಜ್ಜಿಯ ಜೊತೆ ದುಡಿಯುವ ಮಗ ಇದ್ದರೆ ಅಲ್ಲಿ ಘಟಕ ಎರಡು; ಮಗನ ಸಂಬಳ ಅಜ್ಜಿಯ ಲೆಕ್ಕಕ್ಕೆ ಬರಬಾರದು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿದರೆ ಉಳಿದದ್ದು ಅರ್ಥವಾಗುತ್ತದೆ. 2022-23ರಲ್ಲಿ 79 ವರ್ಷದ ಒಂಟಿ ಮಹಿಳೆ ಎಂದುಕೊಳ್ಳಿ. ವಾರಕ್ಕೆ ಸರ್ಕಾರಿ ಪಿಂಚಣಿ (ವಯಸ್ಸಾದವರಿಗೆ ಸರ್ಕಾರ ಕೊಡುವ ಸ್ಟೇಟ್ ಪೆನ್ಷನ್) 141.85 ಪೌಂಡ್, ಹಿಂದಿನ ಕೆಲಸದ ಪಿಂಚಣಿ 25, ಉಳಿತಾಯ 14,000. ಉಳಿತಾಯದಲ್ಲಿ ಮೊದಲ 10,000 ಲೆಕ್ಕಕ್ಕಿಲ್ಲ. ಮೇಲಿನ ಪ್ರತಿ 500ಕ್ಕೆ ವಾರಕ್ಕೆ 1 ಪೌಂಡ್ ಆದಾಯ ಎಂದು ಹಿಡಿಯುತ್ತಾರೆ, ಅಂದರೆ 8. ಒಟ್ಟು 174.85. ಆ ವರ್ಷ ಒಂಟಿಯವರಿಗೆ ಖಾತರಿ ಮೊತ್ತ, ಅಂದರೆ ಆದಾಯ ಕಡಿಮೆ ಬಿದ್ದರೆ ಪೆನ್ಷನ್ ಕ್ರೆಡಿಟ್ ತುಂಬಿಕೊಡುವ ಮಟ್ಟ, 182.60, ಕೊರತೆ 7.75. 2016ರ ಏಪ್ರಿಲ್ 6ಕ್ಕೆ ಮುಂಚೆಯೇ ಪಿಂಚಣಿ ವಯಸ್ಸು ತಲುಪಿದ್ದರಿಂದ ಸೇವಿಂಗ್ಸ್ ಕ್ರೆಡಿಟ್ (ತುಸು ಉಳಿತಾಯ ಅಥವಾ ಸ್ವಂತ ಪಿಂಚಣಿ ಇದ್ದವರಿಗೆ ಪೆನ್ಷನ್ ಕ್ರೆಡಿಟ್‌ನ ಇನ್ನೊಂದು ಭಾಗ) ಕೂಡ ಇದೆ: ಅದರ ಮಿತಿಯಾದ 158.47ರ ಮೇಲಿನ 16.38ಕ್ಕೆ 60%, ಅಂದರೆ 9.83. ಎರಡೂ ಸೇರಿ ವಾರಕ್ಕೆ 17.58 ಪೌಂಡ್.

ಈಗ ಇದೇ ಮಹಿಳೆಗೆ ಅಟೆಂಡೆನ್ಸ್ ಅಲೋವೆನ್ಸ್, ಅಂದರೆ ಆರೈಕೆ ಬೇಕಾದ ವೃದ್ಧರಿಗೆ ಕೊಡುವ ಭತ್ಯೆ, ಬರುತ್ತಿದೆ ಎನ್ನಿ. ಅದು ಆದಾಯವೆಂದು ಎಣಿಕೆಯಾಗುವುದಿಲ್ಲ. ಬದಲಿಗೆ ಖಾತರಿ ಮೊತ್ತಕ್ಕೆ ತೀವ್ರ ಅಂಗವೈಕಲ್ಯದ 69.40 ಸೇರಿ ಅದು 252.00 ಆಗುತ್ತದೆ, ಅರ್ಹತೆ 17.58ರಿಂದ 86.98ಕ್ಕೆ ಜಿಗಿಯುತ್ತದೆ. ಆದರೆ ಈ ಹೆಚ್ಚುವರಿಗೆ ಷರತ್ತುಗಳಿವೆ: ಮನೆಯಲ್ಲಿ ಬೇರೆ ವಯಸ್ಕರು ವಾಸವಿರಬಾರದು (ಕೆಲವು ವಿನಾಯಿತಿ ಬಿಟ್ಟು), ಇವರನ್ನು ನೋಡಿಕೊಳ್ಳುವುದಕ್ಕಾಗಿ ಯಾರೂ ಕೇರರ್ಸ್ ಅಲೋವೆನ್ಸ್ (ಆರೈಕೆದಾರರ ಭತ್ಯೆ) ಪಡೆಯುತ್ತಿರಬಾರದು. ಮೊದಲನೆಯದನ್ನು ಕಡತದ ಸಂಬಂಧಗಳ ಪಟ್ಟಿಯಿಂದ ಪರೀಕ್ಷಿಸಬಹುದು. ಎರಡನೆಯದು ಕಷ್ಟ. ಪಕ್ಕದ ಬೀದಿಯ ಮಗಳು ಆ ಭತ್ಯೆ ಪಡೆಯುತ್ತಿದ್ದರೆ ಸಮೀಕ್ಷೆಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಈ ಹೆಚ್ಚುವರಿ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ, ಎರಡು ಸಲ ಲೆಕ್ಕ ಓಡಿಸುತ್ತೇನೆ.

ಆ ಭತ್ಯೆ ಇಲ್ಲದ ಅದೇ ಮಹಿಳೆಯ ಉಳಿತಾಯವನ್ನು ತುಸು ಬದಲಿಸಿ ನೋಡಿ. 24,000 ಆದರೆ ಖಾತರಿ ಭಾಗ ಸೊನ್ನೆಯಾಗಿ, ಆದಾಯ ಖಾತರಿ ಮೊತ್ತ ದಾಟಿದಂತೆ ಕರಗುವ ಸೇವಿಂಗ್ಸ್ ಕ್ರೆಡಿಟ್ 9.58 ಉಳಿಯುತ್ತದೆ. 35,000 ಆದರೆ ಉಳಿಯುವುದು ವಾರಕ್ಕೆ 78 ಪೆನ್ಸ್! ಆ 78 ಪೆನ್ಸ್‌ನವರೂ ತಲೆಲೆಕ್ಕದಲ್ಲಿ ಒಂದು, 86.98 ಪೌಂಡಿನವರೂ ಒಂದು. ತಲೆಲೆಕ್ಕದ ಪ್ರಮಾಣವನ್ನು ಒಂಟಿಯಾಗಿ ಎಂದೂ ಕೊಡಬಾರದು ಎನ್ನುವುದು ಇದಕ್ಕೇ. ಹಣದ ಲೆಕ್ಕದ ಪ್ರಮಾಣವೂ ಜೊತೆಗಿರಬೇಕು. ಸಣ್ಣ ಮೊತ್ತದವರೇ ಹೆಚ್ಚಾಗಿ ಅರ್ಜಿ ಹಾಕದೆ ಉಳಿಯುವುದರಿಂದ ಅದು ಸಾಮಾನ್ಯವಾಗಿ ಮೇಲಿರುತ್ತದೆ.

ಉಳಿತಾಯದ ಅಂಕಿಯೇ ಸಮೀಕ್ಷೆಯಲ್ಲಿ ಅತ್ಯಂತ ದುರ್ಬಲ. ಜನ ಕಡಿಮೆ ಹೇಳುತ್ತಾರೆ, ಕೆಲವರು ಹೇಳುವುದೇ ಇಲ್ಲ. ಬಡ್ಡಿಯಿಂದ ಅಸಲನ್ನು ಹಿಂದಕ್ಕೆ ಲೆಕ್ಕ ಹಾಕುವ ದಾರಿ ಇದೆ, ಆದರೆ 2022-23ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 0.75%ರಿಂದ 4.25%ಕ್ಕೆ ಏರಿತು. ಯಾವ ತಿಂಗಳ ಬಡ್ಡಿಗೆ ಯಾವ ದರ ಹಿಡಿಯುತ್ತೀರಿ ಎಂಬುದರ ಮೇಲೆ ಅಸಲು ಹಲವು ಪಟ್ಟು ಬದಲಾದೀತು. ಹೊಸಬರು ಮಾಡುವ ಇನ್ನೊಂದು ತಪ್ಪು, ಬಂದ ಬಡ್ಡಿಯನ್ನೂ ಆದಾಯಕ್ಕೆ ಸೇರಿಸಿ, 500ಕ್ಕೆ ಒಂದರ ಲೆಕ್ಕವನ್ನೂ ಸೇರಿಸುವುದು. ಎರಡನೆಯದು ಮಾತ್ರ ಬರಬೇಕು.

ಇನ್ನು ಅಸಲಿ ತೊಡಕು. ನೆರವು ಪಡೆಯುತ್ತಿರುವ ಹಲವರು ಸಮೀಕ್ಷೆಯಲ್ಲಿ ಹಾಗೆಂದು ಹೇಳುವುದಿಲ್ಲ. ಖಾತೆಗೆ ಬರುವ ಹಣದಲ್ಲಿ ಯಾವುದು ಸರ್ಕಾರಿ ಪಿಂಚಣಿ, ಯಾವುದು ಪೆನ್ಷನ್ ಕ್ರೆಡಿಟ್ ಎಂಬ ಭೇದ ಅವರಿಗೆ ಗೊತ್ತಿರುವುದಿಲ್ಲ; ಒಟ್ಟನ್ನೂ ಪಿಂಚಣಿ ಎಂದೇ ಹೇಳುತ್ತಾರೆ. ಕಡತದಲ್ಲಿ ಪೆನ್ಷನ್ ಕ್ರೆಡಿಟ್‌ಗೆ ಕೋಡ್ 4, ಸರ್ಕಾರಿ ಪಿಂಚಣಿಗೆ 5. ಕೋಡ್ 4 ಇಲ್ಲದೆ, ಕೋಡ್ 5ರ ಮೊತ್ತ ಖಾತರಿ ಮೊತ್ತಕ್ಕೆ ಪೈಸೆ ಪೈಸೆ ಹೊಂದಿಕೊಂಡರೆ ಎರಡೂ ಬೆರೆತಿವೆ ಎಂದು ಶಂಕಿಸುತ್ತೇನೆ. 182.60 ಎಂಬ ಅಂಕಿ ಬೇರೆ ದಾರಿಯಿಂದ ಅಷ್ಟು ಕರಾರುವಾಕ್ಕಾಗಿ ಬರುವುದು ಅಪರೂಪ. ಇಂಥವರನ್ನು ಪಡೆಯದವರ ಗುಂಪಿನಿಂದ ಎತ್ತಿ ಪಡೆಯುವವರ ಗುಂಪಿಗೆ ಹಾಕುತ್ತೇನೆ, ಹಾಕಿದವರ ಸಂಖ್ಯೆಯನ್ನು ಬೇರೆಯಾಗಿ ಬರೆದಿಡುತ್ತೇನೆ.

ಇಷ್ಟು ಮಾಡಿದ ಮೇಲೂ ಸಮೀಕ್ಷೆಯ ಫಲಾನುಭವಿಗಳು ಸರ್ಕಾರಿ ದಾಖಲೆಗಿಂತ ಕಡಿಮೆಯೇ ಇರುತ್ತಾರೆ. ಕಲ್ಪಿತ ಅಂಕಿಯಲ್ಲಿ ಹೇಳುವುದಾದರೆ: ದಾಖಲೆಯಲ್ಲಿ 100, ಸಮೀಕ್ಷೆಯಲ್ಲಿ 75, ಸಮೀಕ್ಷೆ ಪ್ರಕಾರ ಅರ್ಹರಿದ್ದೂ ಪಡೆಯದವರು 60. ಸಮೀಕ್ಷೆಯನ್ನಷ್ಟೇ ನಂಬಿದರೆ 75ನ್ನು 135ರಿಂದ ಭಾಗಿಸಿ ಸುಮಾರು 56%. ಪಡೆಯುತ್ತಿರುವವರ ಅಂಕಿಯನ್ನು ದಾಖಲೆಯಿಂದ ತಂದರೆ 100ನ್ನು 160ರಿಂದ ಭಾಗಿಸಿ 62.5%. ಕಾಣೆಯಾದ 25 ಮಂದಿಯೂ ಆ 60ರೊಳಗೇ ಅಡಗಿದ್ದಾರೆ ಎಂದರೆ ಪಡೆಯದವರು 35ಕ್ಕೆ ಇಳಿದು 74%. ಒಂದೇ ಸಮೀಕ್ಷೆ, ಒಂದೇ ನಿಯಮ, 18 ಅಂಶಗಳ ಅಂತರ. ಪ್ರಶ್ನೆಪತ್ರಿಕೆಯ ಉತ್ತರವನ್ನು ಪಾವತಿ ದಾಖಲೆಗೆ ಜೋಡಿಸಿ ನೋಡುವ ಅನುಕೂಲ ಇದ್ದವರಿಗೆ ಈ ಅಂತರ ಬಹಳ ಕುಗ್ಗುತ್ತದೆ. ಇಲ್ಲದವರು ಎರಡು ತುದಿಗಳನ್ನೂ ಪ್ರಕಟಿಸಬೇಕು. ನಡುವಿನ ಒಂದು ಸಂಖ್ಯೆ ಆರಿಸಿ ಉಳಿದದ್ದನ್ನು ಮುಚ್ಚಿಡುವುದು ಸರಿಯಲ್ಲ.

ಮಾದರಿ ಸರಿಯಿದೆಯೇ ಎಂದು ತಿಳಿಯಲು ಉಲ್ಟಾ ಪರೀಕ್ಷೆ ಮಾಡುತ್ತೇನೆ: ನೆರವು ಬರುತ್ತಿದೆ ಎಂದು ಹೇಳಿದವರಲ್ಲಿ ಎಷ್ಟು ಮಂದಿಗೆ ನನ್ನ ಪ್ರೋಗ್ರಾಂ ಸೊನ್ನೆ ಕೊಡುತ್ತಿದೆ? ಆ ಪಾಲು ದೊಡ್ಡದಿದ್ದರೆ ಮುಂದೆ ಹೋಗುವುದಿಲ್ಲ, ಆ ಕುಟುಂಬಗಳನ್ನು ಒಂದೊಂದಾಗಿ ತೆರೆದು ಓದುತ್ತೇನೆ. ಸಾಮಾನ್ಯವಾಗಿ ಸಿಗುವ ಕಾರಣ, ಬಿಟ್ಟುಹೋದ ಆರೈಕೆದಾರರ ಹೆಚ್ಚುವರಿ, ಇಲ್ಲವೇ ವಯಸ್ಸು ಬೆರೆತ ದಂಪತಿ. 2019ರ ಮೇ 15ರಿಂದ ಇಬ್ಬರಲ್ಲಿ ಒಬ್ಬರು ಪಿಂಚಣಿ ವಯಸ್ಸು ಮುಟ್ಟಿರದಿದ್ದರೆ ಹೊಸ ಅರ್ಜಿ ದುಡಿಯುವ ವಯಸ್ಸಿನವರ ನೆರವಾದ ಯುನಿವರ್ಸಲ್ ಕ್ರೆಡಿಟ್‌ಗೆ ಹೋಗುತ್ತದೆ, ಮೊದಲೇ ಪಡೆಯುತ್ತಿದ್ದವರು ಮುಂದುವರಿಯುತ್ತಾರೆ. ಹಾಗಾಗಿ ಈಗ ಪಡೆಯದಿರುವ ಇಂಥ ದಂಪತಿಗಳನ್ನು ಅರ್ಹರ ಪಟ್ಟಿಯಿಂದ ತೆಗೆಯಬೇಕು.

ಸಮೀಕ್ಷೆ ಎಲ್ಲರನ್ನೂ ಕೇಳದೆ ಕೆಲವರನ್ನಷ್ಟೇ ಆರಿಸುವುದರಿಂದ ಬರುವ ದೋಷವನ್ನು ಅಳೆಯಲು ಬೂಟ್‌ಸ್ಟ್ರ್ಯಾಪ್ (ಇದೇ ಕಡತದಿಂದ ಮತ್ತೆ ಮತ್ತೆ ಆಯ್ದು ಲೆಕ್ಕ ಓಡಿಸುವ ವಿಧಾನ) ಸಾಕು, 1,000 ಸುತ್ತು. ಆದರೆ ಮರುಆಯ್ಕೆ ಮಾಡಬೇಕಾದದ್ದು ಇಡೀ ಮನೆಗಳನ್ನು, ವ್ಯಕ್ತಿಗಳನ್ನಲ್ಲ. ವಯಸ್ಸು, ಲಿಂಗ, ಮನೆಯ ಬಗೆ ಎಂದು ಗುಂಪು ಒಡೆಯುತ್ತಾ ಹೋದರೆ ಪಡೆಯದವರ ಕಡೆ ಬೆರಳೆಣಿಕೆಯ ಕುಟುಂಬಗಳು ಉಳಿಯುತ್ತವೆ. ಪ್ರತಿ ಕುಟುಂಬ ದೇಶದ ಎಷ್ಟು ಕುಟುಂಬಗಳ ಪರವಾಗಿ ನಿಂತಿದೆ ಎಂಬ ತೂಕ ಹಾಕಿದಾಗ ಒಂದೊಂದೂ ಸಾವಿರಾರು ಆಗಿ ಕಾಣುತ್ತದೆ, ಮೋಸ ಹೋಗಬೇಡಿ.

2024ರ ಬೇಸಿಗೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚಳಿಗಾಲದ ಇಂಧನ ಭತ್ಯೆಯನ್ನು ಪೆನ್ಷನ್ ಕ್ರೆಡಿಟ್ ಮುಂತಾದ ನೆರವು ಪಡೆಯುವವರಿಗೆ ಸೀಮಿತಗೊಳಿಸುವುದಾಗಿ ಸರ್ಕಾರ ಘೋಷಿಸಿದಾಗ ಅರ್ಜಿಗಳು ಒಮ್ಮೆಲೇ ಏರಿದವು. ಅಷ್ಟರಿಂದ ಪ್ರಮಾಣ ಎಷ್ಟು ಏರಿತು ಎಂದು ಹೇಳಲಾಗದು. ಬಂದ ಅರ್ಜಿಗಳಲ್ಲಿ ತಿರಸ್ಕೃತವಾದವನ್ನು ಕಳೆಯಬೇಕು, ಅದೇ ಅವಧಿಯಲ್ಲಿ ತೀರಿಕೊಂಡ ಫಲಾನುಭವಿಗಳನ್ನು ಕಳೆಯಬೇಕು, ಏಪ್ರಿಲ್‌ನಲ್ಲಿ ಪಿಂಚಣಿಯೂ ಖಾತರಿ ಮೊತ್ತವೂ ಬೇರೆ ಬೇರೆ ದರದಲ್ಲಿ ಏರಿದ್ದರೆ ಅರ್ಹರ ಸಂಖ್ಯೆಯನ್ನೇ ಮತ್ತೆ ಲೆಕ್ಕ ಹಾಕಬೇಕು. ಅದಕ್ಕೆ ಆ ವರ್ಷದ ಸಮೀಕ್ಷೆಯ ಕಡತ ಬೇಕು. ಅದು ಬರುವ ತನಕ ನಾನು ಕೊಡುವುದು ಫಲಾನುಭವಿಗಳ ಸಂಖ್ಯೆಯನ್ನು ಮಾತ್ರ, ಶೇಕಡಾವಾರನ್ನಲ್ಲ.