ಗೋಡೆಗೆ ಹಾಕುವ ಹಾರ್ಮೋನಿಕ್ ಫಿಲ್ಟರ್: ನಮ್ಮ ಕಾಫಿ ಕ್ಯೂರಿಂಗ್‌ನಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಒಂದೇ ಸೀಸನ್‌ನಲ್ಲಿ ಮೂರನೇ ಕೆಪಾಸಿಟರ್ ಉಬ್ಬಿದಾಗ, ಇನ್ನೊಂದು ಹೊಸದು ತರಿಸೋದು ಬೇಡ, ಕಾರಣ ಹುಡುಕೋಣ ಅಂತ ಕರೆಂಟ್‌ನ ಗುಣಮಟ್ಟ ಅಳೆಯುವ ಪವರ್ ಅನಲೈಸರ್ ಬಾಡಿಗೆಗೆ ತಂದು ಮೇನ್ ಪ್ಯಾನೆಲ್‌ಗೆ ಎರಡು ದಿನ ಹಾಕಿಟ್ಟೆ.

ಹಲ್ಲರ್, ಗ್ರೇಡರ್, ಎಲಿವೇಟರ್ ಎಲ್ಲಕ್ಕೂ ವಿಎಫ್‌ಡಿ, ಅಂದರೆ ಮೋಟಾರ್ ವೇಗ ಬದಲಿಸುವ ಡ್ರೈವ್ ಬಂದಿತ್ತು. ಈ ಡ್ರೈವ್‌ಗಳು ಕರೆಂಟನ್ನು ಸರಾಗವಾಗಿ ಎಳೆಯದೆ, ಮೂಲ 50 ಹರ್ಟ್ಸ್‌ನ ಜೊತೆಗೆ ಅದರ ಐದು ಪಟ್ಟು, ಏಳು ಪಟ್ಟು ಹೀಗೆ ಬೇಡದ ಕರೆಂಟನ್ನೂ ಬೆರೆಸುತ್ತವೆ; ಅದೇ ಹಾರ್ಮೋನಿಕ್. ಫುಲ್ ಲೋಡ್‌ನಲ್ಲಿ 142 ಆಂಪ್ಸ್, ಕರೆಂಟ್ ಟಿಎಚ್‌ಡಿ 46 ಪರ್ಸೆಂಟ್. ಟಿಎಚ್‌ಡಿ ಅಂದರೆ ಹಾರ್ಮೋನಿಕ್ ಎಷ್ಟಿದೆ ಅನ್ನೋ ಲೆಕ್ಕ; ಈ ಪರ್ಸೆಂಟ್ ಹಾಕೋದು ಒಟ್ಟು ಕರೆಂಟ್‌ಗಲ್ಲ, ಅದರಲ್ಲಿರುವ ಮೂಲ 50 ಹರ್ಟ್ಸ್ ಭಾಗಕ್ಕೆ. ಅದರಲ್ಲೂ 5 ಮತ್ತು 7ನೇ ಹಾರ್ಮೋನಿಕ್ ಜಾಸ್ತಿ, ಅಂದರೆ 250 ಮತ್ತು 350 ಹರ್ಟ್ಸ್. ಫ್ರೀಕ್ವೆನ್ಸಿ ಏರಿದಷ್ಟೂ ಕೆಪಾಸಿಟರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ, ಅದಕ್ಕೇ ಮೊದಲು ಹೋಗೋದು ಅದು.

ಲೆಕ್ಕ ಹಾಕಿದರೆ ಬರೀ ಹಾರ್ಮೋನಿಕ್ ಕರೆಂಟೇ ಸುಮಾರು 59 ಆಂಪ್ಸ್. ಕೊಟೇಶನ್ ಕೊಟ್ಟವರು 100 ಆಂಪ್ಸ್‌ನ ಆಕ್ಟಿವ್ ಫಿಲ್ಟರ್ (ಹಾರ್ಮೋನಿಕ್ ಅಳೆದು ಅದನ್ನು ಕಳೆಯುವ ಯಂತ್ರ) ಹಾಕಿಸಿ ಎಂದರು. ನಾನು ಮೊದಲು ದೊಡ್ಡ ನಾಲ್ಕು ಡ್ರೈವ್‌ಗಳಿಗೆ 3 ಪರ್ಸೆಂಟ್ ಲೈನ್ ಚೋಕ್, ಅಂದರೆ ಡ್ರೈವ್ ಮುಂದೆ ಕೂರುವ ತಂತಿ ಸುರುಳಿ ಹಾಕಿಸಿದೆ. ಟಿಎಚ್‌ಡಿ 32ಕ್ಕೆ ಇಳಿಯಿತು, ಹಾರ್ಮೋನಿಕ್ ಕರೆಂಟ್ 41 ಆಂಪ್ಸ್‌ಗೆ ಬಂತು, 60 ಆಂಪ್ಸ್‌ನದೇ ಸಾಕಾಯಿತು. ಚೋಕ್ ಹಾಕಿ ಮತ್ತೆ ಅಳೆಯದೆ ಫಿಲ್ಟರ್‌ಗೆ ದುಡ್ಡು ಹಾಕಲೇಬೇಡಿ. ಉಳಿದ ಕೆಪಾಸಿಟರ್‌ಗಳನ್ನು ಹಾರ್ಮೋನಿಕ್‌ನಿಂದ ಕಾಪಾಡಲು 7 ಪರ್ಸೆಂಟ್ ರಿಯಾಕ್ಟರ್ (ಅಂಥದ್ದೇ ಸುರುಳಿ) ಕೂಡ ಸೇರಿಸಿದೆವು.

ಗೋಡೆ ಮಾಡೆಲ್ ಯಾಕೆ ಅಂದರೆ, ನಮ್ಮ ಪ್ಯಾನೆಲ್ ರೂಮ್‌ನಲ್ಲಿ ನೆಲದ ಮೇಲೆ ಇನ್ನೊಂದು ಕಪಾಟು ಇಡೋಕೆ ಜಾಗವೇ ಇರಲಿಲ್ಲ. ಮಳೆಗಾಲದಲ್ಲಿ ಬಾಗಿಲ ಸಂದಿಯಿಂದ ನೀರು ಬೇರೆ ಬರುತ್ತದೆ. ಆದರೆ ಗೋಡೆ ಹಳೇದು, ಮಣ್ಣಿನ ಗಾರೆಯ ಇಟ್ಟಿಗೆ. ಡ್ರಿಲ್ ಇಟ್ಟರೆ ಪುಡಿ ಉದುರುತ್ತಿತ್ತು, ಆಂಕರ್ ಬೋಲ್ಟ್ ಕೈಯಲ್ಲೇ ಅಲ್ಲಾಡುತ್ತಿತ್ತು. ಫಿಲ್ಟರ್ 48 ಕೆಜಿ. ಕೊನೆಗೆ ನೆಲದಿಂದ ಎರಡು ಸಿ ಚಾನೆಲ್ ನಿಲ್ಲಿಸಿ ಅದಕ್ಕೆ ಕೂರಿಸಿದೆವು. ಗೋಡೆಗೆ ಹಾಕೋದು ಅಂದ ಮಾತ್ರಕ್ಕೆ ಎಲ್ಲಾ ಗೋಡೆಗೂ ಹಾಕೋಕೆ ಆಗಲ್ಲ.

ಆನ್ ಮಾಡಿದ ದಿನ ಹೆಲ್ಪರ್ ಹುಡುಗ ಕ್ಲ್ಯಾಂಪ್ ಮೀಟರ್ ಹಿಡಿದು, “ಅಣ್ಣಾ, ಬಿ ಫೇಸ್ ಇಳೀತಿಲ್ಲ, ಏರ್ತಿದೆ” ಎಂದ. ತಕ್ಷಣ ಆಫ್ ಮಾಡಿಸಿದೆ. ಮೇನ್ ಇಳಿಸಿ ಟಾರ್ಚ್ ಹಾಕಿ ನೋಡಿದರೆ ಆ ಫೇಸ್‌ನ ಸಿಟಿ (ಕೇಬಲ್ ಸುತ್ತ ಕೂತು ಕರೆಂಟ್ ಅಳೆಯುವ ಬಳೆ) ಉಲ್ಟಾ, ಅದರ ಪಿ1 ಮುಖ ಇರಬೇಕಾದ ಕಡೆ ಪಿ2. ಸಿಟಿ ನೋಡಿ ವಿರುದ್ಧ ಕರೆಂಟ್ ಬಿಡುವುದೇ ಫಿಲ್ಟರ್ ಕೆಲಸ. ಸಿಟಿ ತಿರುಗಿದರೆ ಕಳೆಯುವ ಬದಲು ಕೂಡಿಸುತ್ತದೆ. ಸರಿ ಮಾಡಿದ ಮೇಲೆ ಟಿಎಚ್‌ಡಿ 6ಕ್ಕೆ ಬಂತು, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದೂ ತಗ್ಗಿತು. ಸಿಟಿ ಲೋಡ್ ಕಡೆ ಮಾತ್ರ ಇರಲಿ, ಕೆಪಾಸಿಟರ್ ಕರೆಂಟ್ ಅದರೊಳಗೆ ಹಾಯಬಾರದು.

ಕರೆಂಟ್ ಬಿಲ್ ಅರ್ಧ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯೂನಿಟ್ ಓದೋ ಮೀಟರ್‌ಗೆ ಹೆಚ್ಚು ವ್ಯತ್ಯಾಸ ಬರಲ್ಲ. ಫಿಲ್ಟರ್ ತಾನೇ ಒಂದು ಕಿಲೋವ್ಯಾಟ್ ಹತ್ತಿರ ಶಾಖ ಉಗುಳುತ್ತದೆ, ಫ್ಯಾನ್ ಶಬ್ದ ಬೇರೆ. ಇನ್ನೊಂದು ವಿಷಯ, ಅದು ಸೇರಿಕೊಂಡ ಜಾಗದಿಂದ ಟ್ರಾನ್ಸ್‌ಫಾರ್ಮರ್ ಕಡೆಗಷ್ಟೇ ಶುದ್ಧ. ಪ್ಯಾನೆಲ್‌ನಿಂದ ಡ್ರೈವ್‌ಗೆ ಹೋಗೋ ಕೇಬಲ್‌ನಲ್ಲಿ ಹಾರ್ಮೋನಿಕ್ ಹಾಗೇ ಓಡುತ್ತಿರುತ್ತದೆ. ಫಿಲ್ಟರ್ ಒಂದೇ ಇರೋದರಿಂದ ಅದು ಕೆಟ್ಟರೆ ಎಲ್ಲಾ ಮೊದಲಿನಂತೆ, ಒಳಗಿನ ಕಾರ್ಡ್ ಬದಲಿಸೋಕೆ ಇಡೀ ಫಿಲ್ಟರ್ ಇಳಿಸಬೇಕು.

ನಮಗೆ ದೊಡ್ಡ ತಲೆನೋವು ಧೂಳು. ಕಾಫಿ ಹೊಟ್ಟಿನ ತೆಳು ಸಿಪ್ಪೆ ಗಾಳಿಯಲ್ಲಿ ತೇಲಿ ಬಂದು ಫ್ಯಾನ್ ಜಾಲರಿಗೆ ಕಂದು ಬಣ್ಣದ ಕಂಬಳಿ ಹಾಗೆ ಅಂಟಿಕೊಳ್ಳುತ್ತದೆ. ಮಾರ್ಚ್‌ನಲ್ಲಿ ಓವರ್ ಟೆಂಪರೇಚರ್ ಅಂತ ಎರಡು ಸಲ ನಿಂತಿತು. ಈಗ ಪ್ರತಿ ಶನಿವಾರ ಆಫ್ ಮಾಡಿ ಜಾಲರಿ ಬಿಚ್ಚಿ ಬ್ಲೋವರ್ ಹೊಡೆಯುತ್ತೇವೆ. ಮೇಲೆ ಕೆಳಗೆ ಒಂದೊಂದು ಅಡಿ ಖಾಲಿ ಬಿಟ್ಟಿದ್ದೇವೆ, ಅಲ್ಲಿ ಯಾರೂ ಗೋಣಿ ಒರಗಿಸದ ಹಾಗೆ ಕೆಂಪು ಗೆರೆ ಎಳೆದಿದ್ದೇನೆ. ಜೂನ್‌ನಿಂದ ಮೆಷಿನ್ ನಿಂತಾಗ ಬೋರ್ಡ್‌ಗಳಿಗೆ ಥಂಡಿ ಹಿಡಿಯುತ್ತದೆ, ಅದಕ್ಕೆ ರೂಮ್‌ನಲ್ಲಿ 60 ವ್ಯಾಟ್‌ನ ಹಳೇ ಬಲ್ಬ್ ಒಂದನ್ನು ಹಗಲೂ ರಾತ್ರಿ ಉರಿಸುತ್ತೇವೆ.