ವೇಪ್ ತಡೆಯುವ ಹುಡುಗರನ್ನು ಮೇಷ್ಟ್ರು ಆರಿಸಬಾರದು – ನನ್ನ ಅನುಭವ

ಶಾಲೆಯಲ್ಲಿ ವೇಪ್ (ಇ-ಸಿಗರೇಟು) ತಡೆಯಲು ಬ್ಯಾಗ್ ತಪಾಸಣೆ, ಟಿ.ಸಿ. ಬೆದರಿಕೆ ಎರಡೇ ಸಾಕು ಅಂದವರು ಕೋಲಾರ, ಮಾಲೂರು ಕಡೆ ಈಗಲೂ ಇದ್ದಾರೆ. ಪೆನ್‌ಡ್ರೈವ್‌ನಂಥ ಸಾಮಾನು ಜಾಮಿಟ್ರಿ ಬಾಕ್ಸಿನಲ್ಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಗಿಗೆ ಕೈ ಹಾಕಿದ ಮರುದಿನ ಅದು ಕಾಲುಚೀಲ ಸೇರುತ್ತದೆ, ಮಕ್ಕಳ ಬಾಯಿಯೂ ಮುಚ್ಚಿಹೋಗುತ್ತದೆ.

ಗೆದ್ದಿದ್ದು ಮಕ್ಕಳೇ ಆರಿಸಿದ ತಂಡ. ಮಕ್ಕಳೇ ಆರಿಸಿದವರು ತಮ್ಮ ಗೆಳೆಯರ ಜೊತೆ ಮಾತಾಡಿ ಚಟ ಬೇಡವೆನ್ನಿಸುವ ಬ್ರಿಟನ್ನಿನ ಅಸಿಸ್ಟ್ ಪದ್ಧತಿ ಸಿಗರೇಟಿಗೆಂದು ಮಾಡಿದ್ದು, ನಮ್ಮದು ಅದರ ಅಳವಡಿಕೆ. ಒಂಬತ್ತನೇ ತರಗತಿಗೆ ಖಾಲಿ ಚೀಟಿ, ಇಂಥ ಪ್ರಶ್ನೆಗಳು. ಯಾರ ಮಾತು ಕೇಳ್ತೀಯ, ಯಾರು ಮುಂದೆ ನಿಂತರೆ ಹಿಂದೆ ಹೋಗ್ತೀಯ? ತರಗತಿಯ ಆರು ಮಕ್ಕಳಿಗೆ ಒಬ್ಬರಂತೆ, ಹೆಚ್ಚು ಸಲ ಹೆಸರು ಬಂದವರನ್ನು ತೆಗೆದುಕೊಳ್ಳಿ, ಹುಡುಗಿಯರ ಪಾಲು ತಗ್ಗಬಾರದು. ಪಟ್ಟಿಯಲ್ಲಿ ಕಬಡ್ಡಿ ಹುಡುಗರು, ಕೊನೇ ಬೆಂಚಿನವರು ಬರುತ್ತಾರೆ. ಸ್ಟಾಫ್‌ರೂಮ್ ಅವರ ಹೆಸರು ಹೊಡೆದುಹಾಕಲು ನೋಡುತ್ತದೆ, ಬಿಡಬೇಡಿ. ಫಸ್ಟ್ ರ‍್ಯಾಂಕಿನವನನ್ನು ತಂದು ಕೂರಿಸಿದರೆ ತರಗತಿಗೆ ಅವನು ಬರೀ 'ಬಕೆಟ್'.

ತಂಬಾಕುಮುಕ್ತ ಶಾಲೆಯ ಫಲಕದಲ್ಲಿ ಅದನ್ನು ನೋಡಿಕೊಳ್ಳುವ ಮಾನಿಟರ್ ಹೆಸರು ಬರೆಯಬೇಕಲ್ಲ, ಅಲ್ಲಿ ಶಿಕ್ಷಕರ ಹೆಸರೇ ಇರಲಿ. ವಿದ್ಯಾರ್ಥಿಯ ಹೆಸರು ಬಂದರೆ ಅವನು ಚಾಡಿಕೋರ ಎಂದೇ ಲೆಕ್ಕ. ತಂಡ ಮೇಷ್ಟ್ರಿಗೆ ಯಾರ ಹೆಸರನ್ನೂ ಹೇಳುವಂತಿಲ್ಲ. ಯಾರಿಗಾದರೂ ವಾಂತಿ, ತಲೆಸುತ್ತು, ಎದೆ ಡವಡವ ಶುರುವಾದರೆ ಮಾತ್ರ ಓಡಿ ಬಂದು ಹೇಳಬೇಕು. ಅದು ನಿಕೋಟಿನ್ ಹೆಚ್ಚಾದ ಲಕ್ಷಣ.

ತರಬೇತಿ ಎರಡು ದಿನ, ಶಾಲೆಯ ಹೊರಗೆ. ಸಮುದಾಯ ಭವನದ ಬಾಡಿಗೆ, ಊಟ ಸೇರಿ ಏಳೆಂಟು ಸಾವಿರ ಆಯಿತು. ಅರ್ಧ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಕೊಟ್ಟಿತು, ಉಳಿದದ್ದು ಕೈಯಿಂದ. ಭಾಷಣ ಕಲಿಸಬೇಡಿ, ಉತ್ತರ ಕಲಿಸಿ. "ಬರೀ ಸ್ಟ್ರಾಬೆರಿ ನೀರು ಮಗಾ, ಒಂದ್ಸಲ ಎಳಿ" ಅಂದರೆ ಲೇಬಲ್ ತೋರಿಸಿ ಲೆಕ್ಕ ಮಾಡಿಸಬೇಕು: 5% ಅಂದರೆ ಮಿಲೀಲೀಟರಿಗೆ 50 ಮಿಲಿಗ್ರಾಂ ನಿಕೋಟಿನ್, 2 ಮಿಲೀ ತುಂಬಿದ್ದರೆ 100. ಕ್ಯಾನ್ಸರ್ ಫೋಟೊ ನಾಟುವುದಿಲ್ಲ, "ಅದು ಗುಟ್ಕಾದೋರಿಗೆ" ಅನ್ನುತ್ತಾರೆ. ರೇಡ್ ಹೋದಾಗ ದಮ್ಮು ಹಿಡಿಯಲ್ಲ ಅನ್ನುವುದು ನಾಟುತ್ತದೆ.

ಶೌಚಾಲಯಕ್ಕೆ ಧೂಳು ಅಳೆಯುವ ಸೆನ್ಸರನ್ನೂ ಹಾಕಿ ನೋಡಿದ್ದಾಯಿತು, ನಾಲ್ಕೈದು ಸಾವಿರ. ಬಾಡಿ ಸ್ಪ್ರೇಗೂ ಕೂಗುತ್ತದೆ, ಊದುಬತ್ತಿಗೂ ಕೂಗುತ್ತದೆ, ಕಸ ಗುಡಿಸಿದರೂ ಕೂಗುತ್ತದೆ. ದುಡ್ಡು ದಂಡ.

ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆನ್ನುವ ಹಳದಿ ಗೆರೆ ಬೀಡಿ, ಸಿಗರೇಟಿಗೆ ಸರಿ. ವೇಪ್ ಮಾರಾಟ 2019ರ ಕಾಯ್ದೆಯಿಂದ ಎಲ್ಲೆಡೆ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಾಲು ಪೆಟ್ಟಿಗೆ ಅಂಗಡಿಯಿಂದಲ್ಲ, ಬೆಂಗಳೂರಿಗೆ ಓಡಾಡುವ ಅಣ್ಣಂದಿರ ಜೇಬಿನಿಂದ ಬರುತ್ತದೆ. ಮಕ್ಕಳನ್ನು ಪತ್ತೇದಾರಿಕೆಗೆ ಕಳಿಸಬೇಡಿ, ಆ ಕೆಲಸ ಪೊಲೀಸರದು.

ಬಿಡಬೇಕೆನ್ನುವವರಿಗೆ 1800-11-2356 ಸಹಾಯವಾಣಿ. ಮನೆಯ ಫೋನು ಅಮ್ಮನ ಕೈಲಿ, ಹಾಗಾಗಿ ಆಫೀಸಿನ ಫೋನಿನಿಂದ, ಬಾಗಿಲು ಮುಚ್ಚಿ ಮಾತಾಡಲು ಬಿಡಿ.

ಅಳೆಯುವಾಗ "ನೀನು ಎಳೆದೆಯಾ" ಎಂದು ಕೇಳಿದರೆ ಸುಳ್ಳೇ ಬರುತ್ತದೆ. "ಈ ತಿಂಗಳು ನಿನಗೆ ಯಾರಾದರೂ ಕೊಟ್ಟರಾ" ಅಂತ ಹೆಸರಿಲ್ಲದ ಚೀಟಿಯಲ್ಲಿ ಕೇಳಿ. ಜೂನ್‌ನಲ್ಲಿ ಕೈ ತುಂಬ ಬಂದ 'ಹೌದು', ದಸರಾ ರಜೆ ಮುಗಿಯುವಷ್ಟರಲ್ಲಿ ಬೆರಳೆಣಿಕೆಗೆ ಇಳಿದಿತ್ತು. ಮೊದಲು ಇದನ್ನು ಕೇಳಿ ನಕ್ಕ ಮೇಷ್ಟ್ರುಗಳೇ ಈಗ ಚೀಟಿಯ ನಮೂನೆ ಕೇಳುತ್ತಿದ್ದಾರೆ. ಶುರು ಮಾಡುವುದಾದರೆ ಜುಲೈ ದಾಟಿಸಬೇಡಿ. ತಂಡ ಹತ್ತನೇ ತರಗತಿಗೆ ಹೋದ ಮೇಲೆ ಜನವರಿಯಿಂದ ಪ್ರಿಪರೇಟರಿ, ಯಾರೂ ಕೈಗೆ ಸಿಗುವುದಿಲ್ಲ.